ಬೆಂಕಿಯಿಂದ ಉಳಿದ ಊರು ಕೊಪ್ರಿವ್‌ಶ್ಟಿತ್ಸಾ

ಬಾಲ್ಕನ್ ಪ್ರದೇಶವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಯುದ್ಧಗಳು ಮತ್ತು ಪದೇ ಪದೇ ಬದಲಾದ ಗಡಿಗಳು. ಅದೇ ನೆಲದ ಬೆಟ್ಟಗಳ ಮರೆಯಲ್ಲಿ ಒಂದು ಪುಟ್ಟ ಊರು ತನ್ನ ಪೂರ್ವಿಕರ ಮನೆಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ. ಬಲ್ಗೇರಿಯ ದೇಶದ ಕೊಪ್ರಿವ್‌ಶ್ಟಿತ್ಸಾ ಎಂಬ ಆ ಊರನ್ನು ನಮ್ಮ ಓದುಗ ಕುಟುಂಬಗಳಿಗೆ ಪರಿಚಯಿಸಬಯಸುತ್ತೇವೆ.

ರಾಜಧಾನಿ ಸೋಫಿಯಾದಿಂದ ಪೂರ್ವಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ, ಸ್ರೆದ್ನಾ ಗೊರಾ ಪರ್ವತಶ್ರೇಣಿಯ ನಡುವೆ, ತೊಪೊಲ್ನಿತ್ಸಾ ನದಿಯ ಕಣಿವೆಯಲ್ಲಿ ಈ ಊರು ನೆಲೆಸಿದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಚಳಿಗಾಲ ದೀರ್ಘವಾದುದು. ಬೇಸಾಯಕ್ಕೆ ಅಷ್ಟಾಗಿ ಒಗ್ಗದ ಈ ನೆಲ ಕುರಿದನಗಳಿಗೆ ಒಳ್ಳೆಯ ಹುಲ್ಲುಗಾವಲು. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ರೈಲು ನಿಲ್ದಾಣವೂ ಊರಿನಿಂದ ಹಲವು ಮೈಲಿ ದೂರವಿದೆ.

ಬಲ್ಗೇರಿಯವು ಸುಮಾರು ಐದು ಶತಮಾನಗಳ ಕಾಲ ಆಟೋಮನ್ ತುರ್ಕರ ಆಳ್ವಿಕೆಗೆ ಒಳಪಟ್ಟಿತ್ತು. ಆ ಕಾಲದಲ್ಲಿ ಈ ಊರಿನವರು ಕುರಿ ಸಾಕಿದರು, ಉಣ್ಣೆಯ ಬಟ್ಟೆ ಹೊಲಿದರು, ವ್ಯಾಪಾರಕ್ಕೆಂದು ಕಾನ್‌ಸ್ಟಾಂಟಿನೋಪಲ್ ಮತ್ತು ಈಜಿಪ್ಟಿನವರೆಗೂ ಹೋದರು. 1793ರಿಂದ 1809ರ ನಡುವೆ ದರೋಡೆಕೋರರ ದಂಡುಗಳು ಊರನ್ನು ಮೂರು ಬಾರಿ ಸುಟ್ಟವು. ಮೂರು ಬಾರಿಯೂ ಜನ ಧೃತಿಗೆಡದೆ ಮತ್ತೆ ಮನೆ ಕಟ್ಟಿದರು. ಇಂದು ನಮ್ಮ ಮನಸೆಳೆಯುವ ನೀಲಿ, ಕೆಂಪು, ಹಳದಿ ಬಣ್ಣದ ಮನೆಗಳು, ಕೆತ್ತನೆಯ ಮರದ ಛಾವಣಿಗಳು, ಎತ್ತರದ ಕಲ್ಲಿನ ಪ್ರಾಕಾರಗಳು ಹತ್ತೊಂಬತ್ತನೆಯ ಶತಮಾನದವು. ಸಂಪತ್ತಿನ ಜೊತೆಗೆ ಇಲ್ಲಿ ವಿದ್ಯೆಯೂ ಬೆಳೆಯಿತು. ಈ ಊರಿನವರೇ ಆದ ವಿದ್ವಾಂಸ ನಾಯ್ದೆನ್ ಗೆರೊವ್ 1846ರಲ್ಲಿ ಇಲ್ಲಿ ಹೊಸ ಮಾದರಿಯ ಶಾಲೆಯನ್ನು ತೆರೆದರು. ಒಂದೇ ಕರವೆಲೊವ್ ಮನೆತನದಿಂದ ಲೇಖಕ ಹಾಗೂ ಕ್ರಾಂತಿಕಾರಿ ಲ್ಯುಬೆನ್ ಮತ್ತು ಮುಂದೆ ದೇಶದ ಪ್ರಧಾನಿಯಾದ ಪೆತ್ಕೊ ಎಂಬ ಸೋದರರು ಬಂದರು.

ಓದಿದ ಮಕ್ಕಳು ಸ್ವಾತಂತ್ರ್ಯದ ಕನಸು ಕಂಡುದು ಸಹಜವೇ. 1876ರಲ್ಲಿ ದೇಶದಾದ್ಯಂತ ಬಂಡಾಯವೇಳಲು ಗುಪ್ತ ಸಿದ್ಧತೆ ನಡೆದಿತ್ತು. ಗುಟ್ಟು ಬಯಲಾಗಿ ಅಧಿಕಾರಿಗಳು ಬಂಧನಕ್ಕೆ ಬಂದಾಗ, ಹಳೆಯ ಪಂಚಾಂಗದಂತೆ ಏಪ್ರಿಲ್ 20ರಂದು, ಇಲ್ಲಿನ ಸಣ್ಣ ಸೇತುವೆಯೊಂದರ ಬಳಿ ಮೊದಲ ಗುಂಡು ಹಾರಿತು. ಮುಖಂಡ ತೊದೊರ್ ಕಬ್ಲೆಷ್ಕೊವ್‌ಗೆ ಆಗ ಕೇವಲ 25 ವರ್ಷ. ಆತ ನೆರೆಯ ಪನಾಗ್ಯುರಿಷ್ಟೆ ಊರಿನ ಸಂಗಡಿಗರಿಗೆ ಬರೆದು, ರಕ್ತದ ಗುರುತು ಹಾಕಿ ಕಳುಹಿಸಿದ ಪತ್ರವು 'ರಕ್ತಪತ್ರ'ವೆಂದೇ ಚರಿತ್ರೆಯಲ್ಲಿ ಉಳಿದಿದೆ.

ಬಂಡಾಯ ಕೆಲವೇ ವಾರಗಳಲ್ಲಿ ಅಡಗಿತು. ಪನಾಗ್ಯುರಿಷ್ಟೆಯೂ ಕ್ಲಿಸುರಾ ಎಂಬ ಊರೂ ಬೆಂಕಿಗೆ ಆಹುತಿಯಾದವು. ಬತಾಕ್ ಎಂಬಲ್ಲಿ ಹೆಂಗಸರು ಮಕ್ಕಳೆನ್ನದೆ ಸಾವಿರಾರು ಜನ ಹತರಾದರು. ಕೊಪ್ರಿವ್‌ಶ್ಟಿತ್ಸಾ ಮಾತ್ರ ಉಳಿಯಿತು. ಊರಿನ ಸಿರಿವಂತರು ಕೆಲವು ಬಂಡಾಯಗಾರರನ್ನು ತಾವೇ ಹಿಡಿದು ಕೂಡಿಹಾಕಿದರು. ಮುತ್ತಿದ ಪಡೆಗಳಿಗೆ ಅಪಾರ ಹಣ ತೆತ್ತು ಊರನ್ನು ಬಿಡಿಸಿಕೊಂಡರು. ಬೆಟ್ಟಕ್ಕೆ ಪಾರಾದ ಕಬ್ಲೆಷ್ಕೊವ್ ಮುಂದೆ ಸೆರೆಸಿಕ್ಕು, ಗಾಬ್ರೊವೊ ಪಟ್ಟಣದಲ್ಲಿ ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು.

ಹಾಗಾದರೆ ಊರನ್ನು ಉಳಿಸಿದವರು ಹೇಡಿಗಳೇ? ಸುಲಭವಾಗಿ ತೀರ್ಪು ಕೊಡಲು ನಮಗೆ ಮನಸ್ಸು ಬಾರದು. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಮುದುಕರು ಇರುವ ಮನೆಯ ಯಜಮಾನನಿಗೆ ಅವನದೇ ಆದ ಭಾರವಿರುತ್ತದೆ. ಸಿರಿವಂತರೆಲ್ಲರೂ ಒಂದೇ ಬಗೆಯವರೂ ಆಗಿರಲಿಲ್ಲ. ನೆಂಚೊ ಒಸ್ಲೆಕೊವ್ ಎಂಬ ವರ್ತಕನು 1850ರ ದಶಕದಲ್ಲಿ ಕಟ್ಟಿಸಿದ, ಲೆಬನಾನಿನ ಮರದ ಕಂಬಗಳುಳ್ಳ ಮನೆಯು ಈ ಊರಿನ ಅತಿ ಸುಂದರ ಮನೆಗಳಲ್ಲೊಂದು. ಬಂಡಾಯಗಾರರಿಗೆ ಸಮವಸ್ತ್ರ ಹೊಲಿಸಿಕೊಟ್ಟುದಕ್ಕಾಗಿ ಆತನನ್ನು ಗಲ್ಲಿಗೇರಿಸಲಾಯಿತು. ಮನೆ ಉಳಿಯಿತು, ಮನೆಯೊಡೆಯ ಉಳಿಯಲಿಲ್ಲ.

ಆ ಬಲಿದಾನ ವ್ಯರ್ಥವಾಗಲಿಲ್ಲ. ಬಂಡಾಯವನ್ನು ಹತ್ತಿಕ್ಕಿದ ಕ್ರೌರ್ಯದ ಸುದ್ದಿ ಯುರೋಪನ್ನು ಕಲಕಿತು. 1877-78ರ ರಷ್ಯಾ-ತುರ್ಕಿ ಯುದ್ಧದ ಬಳಿಕ ಬಲ್ಗೇರಿಯ ರಾಜ್ಯವು ಮತ್ತೆ ತಲೆಯೆತ್ತಿತು.

ಊರಿನ ಇನ್ನೊಬ್ಬ ಮಗ ಕವಿ ದಿಮ್ಚೊ ದೆಬೆಲ್ಯಾನೊವ್. ಹುಟ್ಟಿದ ಮನೆಗೆ ಮರಳುವ ಹಂಬಲವನ್ನು ಹಾಡಿದ ಈತನು ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, 29ನೆಯ ವಯಸ್ಸಿಗೆ ಮಡಿದನು. ಅವನ ಅಸ್ಥಿಯನ್ನು ಊರಿಗೆ ತಂದುದು 1931ರಲ್ಲಿ. ಸಮಾಧಿಯ ಬಳಿ ಮಗನ ದಾರಿ ಕಾಯುತ್ತ ಕುಳಿತ ತಾಯಿಯ ಶಿಲ್ಪವಿದೆ. ಶಿಲ್ಪಿ ಇವಾನ್ ಲಜರೊವ್.

ಇಂದು ಇಲ್ಲಿ 380ಕ್ಕೂ ಹೆಚ್ಚು ಕಟ್ಟಡಗಳು ಸ್ಮಾರಕಗಳೆಂದು ರಕ್ಷಿತವಾಗಿವೆ. ಆರು ಮನೆಗಳು ವಸ್ತುಸಂಗ್ರಹಾಲಯಗಳಾಗಿವೆ. 1965ರಿಂದ, ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ, ಊರಿನ ಮೇಲಿನ ಹುಲ್ಲುಗಾವಲಿನಲ್ಲಿ ಜಾನಪದ ಉತ್ಸವ ಜರುಗುತ್ತದೆ. ಹಳ್ಳಿಹಳ್ಳಿಗಳಿಂದ ಬಂದ ಅಜ್ಜಿಯರು ಮೊಮ್ಮಕ್ಕಳೊಡನೆ ಹಾಡಿ ಕುಣಿಯುತ್ತಾರೆ. ಪರಂಪರೆಯನ್ನು ಉಳಿಸುವ ಉತ್ತಮ ಮಾದರಿಯೆಂದು ಯುನೆಸ್ಕೋ ಇದನ್ನು 2016ರಲ್ಲಿ ಮನ್ನಿಸಿತು.

ಮನೆ ಉಳಿಸಿದವರ ವಿವೇಕವೂ, ಮನೆ ತೊರೆದವರ ತ್ಯಾಗವೂ ಸೇರಿಯೇ ಒಂದು ಊರಿನ ಚರಿತ್ರೆಯಾಗುತ್ತದೆ. ಎರಡನ್ನೂ ಮರೆಮಾಚದೆ ಮಕ್ಕಳಿಗೆ ಹೇಳುತ್ತ ಬಂದಿರುವುದೇ ಈ ಪುಟ್ಟ ಊರಿನ ದೊಡ್ಡತನವೆಂದು ನಾವು ಭಾವಿಸುತ್ತೇವೆ.