ನಿಮಗಿದು ಗೊತ್ತೇ? ಗೋಕಾಕದಿಂದ ನೆಟ್ಟಗೆ ಧ್ರುವಕ್ಕೆ!

ಭೂಪಟದಲ್ಲಿ ಗೋಕಾಕದ ಮೇಲೆ ಪೆನ್ಸಿಲ್ ಇಡಿ. ದಕ್ಷಿಣಕ್ಕೆ ನೆಟ್ಟಗೊಂದು ಗೆರೆ ಎಳೆಯಿರಿ. ಮಂಗಳೂರಿನ ಹತ್ತಿರ ಗೆರೆ ಕಡಲಿಗಿಳಿಯುತ್ತದೆ. ಮಾಲ್ದೀವ್ಸ್ ಪಶ್ಚಿಮಕ್ಕೆ ಉಳಿಯಿತು, ಶ್ರೀಲಂಕಾ ಪೂರ್ವಕ್ಕೆ. ಮುಂದೆ ನೆಲ ಸಿಗುವುದು ಎಲ್ಲಿ? ಸೀದಾ ಅಂಟಾರ್ಕ್ಟಿಕಾದಲ್ಲಿ!

ಗೆರೆ ಅಲ್ಲಿ ದಡ ಮುಟ್ಟುವ ಜಾಗದಿಂದ ಪೂರ್ವಕ್ಕೆ ಐವತ್ತು-ಅರವತ್ತು ಕಿ.ಮೀ. ಸರಿದರೆ ಯಾರಿದ್ದಾರೆ ಹೇಳಿ? ನಮ್ಮವರೇ! ಭಾರತದ ಸಂಶೋಧನಾ ಕೇಂದ್ರ ‘ಭಾರತಿ’ ಇರುವುದು ಅಲ್ಲೇ. ಅದು ಶುರುವಾದದ್ದು 2012ರಲ್ಲಿ. ಗೋಕಾಕದಿಂದ ಸುಮಾರು 9,500 ಕಿ.ಮೀ. ದೂರ, ಆದರೆ ಹೆಚ್ಚುಕಮ್ಮಿ ಒಂದೇ ರೇಖಾಂಶ!

ಅಷ್ಟು ದೂರ ಯಾಕಾಯಿತು ಅಂತೀರಾ? ಮೊದಲು ದೂರವೇ ಇರಲಿಲ್ಲ! ಭಾರತ ಮತ್ತು ಅಂಟಾರ್ಕ್ಟಿಕಾ ಒಂದಕ್ಕೊಂದು ಅಂಟಿಕೊಂಡಿದ್ದವು. ಸುಮಾರು 13 ಕೋಟಿ ವರ್ಷಗಳ ಹಿಂದೆ ಬಿರುಕು ಬಿಟ್ಟು ಬೇರೆಯಾದವು. ಭಾರತಿ ಕೇಂದ್ರದ ಸುತ್ತಲಿನ ಕಲ್ಲುಗಳಿಗೂ ನಮ್ಮ ಪೂರ್ವ ಘಟ್ಟದ ಕಲ್ಲುಗಳಿಗೂ ಇವತ್ತಿಗೂ ಹೋಲಿಕೆ ಸಿಗುತ್ತದೆ.

ಈಗ ಗೋಕಾಕ ಜಲಪಾತದ ಬಂಡೆ ನೋಡಿ. ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುತ್ತಾಳಲ್ಲ, ಅದೇ ಬಂಡೆ. ಅದು ಹಿಂದೊಮ್ಮೆ ಬರೀ ಮರಳು! ಬೆಲ್ಲ-ಅಂಟು ಸೇರಿ ಕರದಂಟಿನ ಗೋಡಂಬಿ, ಖಾರೀಕನ್ನು ಹಿಡಿದಿಡುವಂತೆ ಸಿಲಿಕಾ ಆ ಮರಳನ್ನು ಹಿಡಿದು ಕಲ್ಲಾಗಿಸಿತು. ಡೈನೋಸಾರ್‌ಗಳು ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಅದು ತಯಾರು. ಅಂದರೆ ಅಂಟಾರ್ಕ್ಟಿಕಾದ ಜೊತೆಗಿದ್ದ ದಿನಗಳನ್ನೂ ಈ ಬಂಡೆ ಕಂಡಿದೆ!

ಮೂಡಲಗಿಯ ಕಡೆ ಕಬ್ಬು ಬೆಳೆಯುವ ಕರಿಮಣ್ಣಿನ ಕಥೆಯೇ ಬೇರೆ. ಅದು ದಾರಿಯಲ್ಲಿ ಸಿಕ್ಕ ಗಳಿಕೆ! ಭಾರತ ಒಂಟಿಯಾಗಿ ಉತ್ತರಕ್ಕೆ ತೇಲುತ್ತಿದ್ದಾಗ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ನೆಲ ಸೀಳಿ ಲಾವಾ ಹರಿಯಿತು. ಅದು ಕಲ್ಲಾಗಿ, ಸವೆದು, ಎರೆಮಣ್ಣಾಯಿತು. ಲಾವಾ ಹರಿದ ಹೊತ್ತಿಗೆ ನಮ್ಮ ನೆಲ ಇನ್ನೂ ಸಮಭಾಜಕ ವೃತ್ತದ ದಕ್ಷಿಣಕ್ಕಿತ್ತು!

ನಂಟು ಹರಿದ ಗಾಯ ಇನ್ನೂ ಮಾಗಿಲ್ಲ. ನಮ್ಮ ಗೆರೆಯ ಮೇಲೆ ಗೋಕಾಕದಿಂದ ಸುಮಾರು ಐದೂವರೆ ಸಾವಿರ ಕಿ.ಮೀ. ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ತಳದಲ್ಲಿ ಒಂದು ಬೆಟ್ಟಸಾಲಿದೆ. ಅಂಟಾರ್ಕ್ಟಿಕ ಭೂಫಲಕದ ಗಡಿ ಅದೇ. ವರ್ಷಕ್ಕೆ ಸುಮಾರು ಆರು ಸೆಂಟಿಮೀಟರ್ ಬಾಯಿ ತೆರೆಯುತ್ತಿದೆ. ಪುಟ್ಟ ಪುಟ್ಟ ಕಂಪನ ಅಲ್ಲಿ ಮಾಮೂಲು!

ಹಳೆಯ ನಂಟಿಗೆ ಸಾಕ್ಷಿ ಬೇಕೇ? 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುತ್ತಿದ್ದ ಅನ್ವೇಷಕ ಸ್ಕಾಟ್‌ನ ತಂಡ ದಾರಿಯಲ್ಲೇ ಸತ್ತಿತು. ಹಸಿವು, ಚಳಿ, ನಿತ್ರಾಣ. ಆದರೂ ಅವರು 16 ಕಿಲೋ ಕಲ್ಲನ್ನು ಎಸೆದಿರಲಿಲ್ಲ! ಅದರಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯ ಅಚ್ಚುಗಳಿದ್ದವು. ಅದೇ ಗಿಡದ ಅಚ್ಚು ಭಾರತದ ಕಲ್ಲಿದ್ದಲ ಗಣಿಗಳಲ್ಲೂ ಸಿಗುತ್ತದೆ. ಹಿಮಖಂಡದಲ್ಲಿ ಒಂದು ಕಾಲಕ್ಕೆ ಕಾಡಿತ್ತು!

ಅಂಟಾರ್ಕ್ಟಿಕಾದಲ್ಲಿ ದಿನಕ್ಕೆ ಎರಡು ಸಲ ನಡೆಯುವ ‘ಭೂಕಂಪ’ವೂ ಇದೆ. ಹೌದ್ರೀ, ದಿನಕ್ಕೆರಡು! ವಿಲನ್ಸ್ ಎಂಬ ಹಿಮನದಿಯ ಮಹಾ ಹಾಸು ಗಂಟೆಗಟ್ಟಲೆ ಸುಮ್ಮನೆ ಕೂತಿರುತ್ತದೆ. ಆಮೇಲೆ ಥಟ್ಟನೆ ಜಾರುತ್ತದೆ. ಅರ್ಧ ಗಂಟೆಯೊಳಗೆ ಸುಮಾರು ಅರ್ಧ ಮೀಟರ್! ಬಿಡುಗಡೆಯಾಗುವ ಶಕ್ತಿ 7ರ ತೀವ್ರತೆಯ ಭೂಕಂಪಕ್ಕೆ ಸಮ. ಅದರ ಸದ್ದು ಆಸ್ಟ್ರೇಲಿಯಾದ ಯಂತ್ರಗಳಿಗೂ ಕೇಳುತ್ತದೆ. ಆದರೆ ಆ ಹಿಮದ ಮೇಲೇ ನಿಂತವರಿಗೆ? ಏನೂ ಗೊತ್ತಾಗುವುದಿಲ್ಲ, ಅಷ್ಟು ನಿಧಾನ! ಅದಕ್ಕೆ ಗಡಿಯಾರ ಇಟ್ಟವರು ಯಾರು? ಸಮುದ್ರದ ಉಬ್ಬರವಿಳಿತ!

ಭೂಕಂಪ ಫಲಕದ ಅಂಚಿನಲ್ಲಷ್ಟೇ ಆಗುತ್ತದೆ ಎಂದುಕೊಂಡಿದ್ದೀರಾ? 1998ರ ಮಾರ್ಚ್ 25ರಂದು ಅಂಟಾರ್ಕ್ಟಿಕ ಫಲಕದ ಒಳಗೇ, ಬ್ಯಾಲೆನಿ ದ್ವೀಪಗಳ ಬಳಿಯ ಕಡಲಡಿಯಲ್ಲಿ, 8.1 ತೀವ್ರತೆಯ ಕಂಪ! ನಮ್ಮ ಪಕ್ಕದ ಲಾತೂರ್‌ ಜಿಲ್ಲೆಯ ಕಿಲ್ಲಾರಿಯೂ ಫಲಕದ ನಡುವೆಯೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಆದದ್ದು 6.2. ಸತ್ತವರು ಸುಮಾರು ಹತ್ತು ಸಾವಿರ. ಬ್ಯಾಲೆನಿಯ ಹತ್ತಿರ ಮನೆಗಳೇ ಇರಲಿಲ್ಲ.

ಭಾರ ಹೇರಿದರೂ ನೆಲ ನಡುಗಬಹುದು, ಭಾರ ಇಳಿಸಿದರೂ ನಡುಗಬಹುದು! ಹುಕ್ಕೇರಿಯಿಂದ ನೂರೈವತ್ತು ಚಿಲ್ಲರೆ ಕಿ.ಮೀ. ದೂರದ ಕೊಯ್ನಾದಲ್ಲಿ ಜಲಾಶಯ ತುಂಬಿದ ಮೇಲೆ 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3ರ ಕಂಪ ಆಯಿತು. ಜಲಾಶಯದಿಂದಾದ ಭೂಕಂಪ ಎಂದರೆ ಜಗತ್ತಿನ ಪುಸ್ತಕಗಳು ಮೊದಲು ಹೇಳುವ ಹೆಸರು ಕೊಯ್ನಾ. (ಹಿಡಕಲ್‌ ಜಲಾಶಯದ ಹತ್ತಿರದವರು ಗಾಬರಿಯಾಗಬೇಡಿ. ಕೊಯ್ನಾದಡಿ ಮೊದಲೇ ಬಿಗಿದು ನಿಂತ ಬಿರುಕಿತ್ತು.) ಉತ್ತರ ಧ್ರುವದ ಕಡೆ ಇದೇ ಆಟ ತಿರುಗುಮುರುಗು. ಹಿಮಯುಗದ ಹಿಮ ಕರಗಿ ಭಾರ ಇಳಿದಾಗ ಸ್ವೀಡನ್ನಿನ ಉತ್ತರ ತುದಿಯಲ್ಲಿ ನೆಲ ಸುಮಾರು 150 ಕಿ.ಮೀ. ಉದ್ದಕ್ಕೆ ಸೀಳಿತು!

ಭಾರ ಇಳಿಯುವ ಆಟ ಈಗಲೂ ನಡೆದಿದೆ. ಪಶ್ಚಿಮ ಅಂಟಾರ್ಕ್ಟಿಕಾದ ಅಮುಂಡ್ಸನ್ ಕಡಲ ದಂಡೆಯಲ್ಲಿ ಹಿಮ ತೆಳುವಾಗುತ್ತಿದೆ, ಅಡಿಯ ಬಂಡೆ ಮೇಲೇಳುತ್ತಿದೆ. ಎಷ್ಟು? ಒಂದು ಕಡೆಯಂತೂ ವರ್ಷಕ್ಕೆ ನಾಲ್ಕು ಸೆಂಟಿಮೀಟರ್!

2020ರಲ್ಲಿ ಅಂಟಾರ್ಕ್ಟಿಕಾದ ಬ್ರಾನ್ಸ್‌ಫೀಲ್ಡ್ ಜಲಸಂಧಿಯಲ್ಲಿ ಕಂಪಗಳ ಜಾತ್ರೆ. ಆರು ತಿಂಗಳ ಆಸುಪಾಸಿನಲ್ಲಿ 85,000 ಕಂಪಗಳು! ಕಡಲಡಿಯ ಜ್ವಾಲಾಮುಖಿಯತ್ತ ಶಿಲಾಪಾಕ ಏರಿ ಬಂದದ್ದೇ ಕಾರಣ. ಹತ್ತಿರದ ಕಿಂಗ್ ಜಾರ್ಜ್ ದ್ವೀಪದ ನೆಲ 11 ಸೆಂಟಿಮೀಟರ್ ಪಕ್ಕಕ್ಕೆ ಸರಿದುಬಿಟ್ಟಿತು!

ಇನ್ನು ಪೆನ್ಸಿಲನ್ನು ಉತ್ತರಕ್ಕೆ ತಿರುಗಿಸಿ. ಗೋಕಾಕದ ಗೆರೆ ಅಮೃತಸರ ಸವರುತ್ತದೆ, ಶ್ರೀನಗರ ಮುಟ್ಟುತ್ತದೆ, ಸೈಬೀರಿಯಾ ದಾಟುತ್ತದೆ. ಧ್ರುವಕ್ಕೆ ಇನ್ನೇನು ಸ್ವಲ್ಪ ದೂರ ಇದೆ ಎನ್ನುವಾಗ ಮತ್ತೊಂದು ಫಲಕದ ಗಡಿ! ಅದೇ ಗಕ್ಕೆಲ್ ಬೆಟ್ಟಸಾಲು. ಜಗತ್ತಿನಲ್ಲೇ ಅತಿ ನಿಧಾನವಾಗಿ ಬಿಚ್ಚಿಕೊಳ್ಳುವ ಸಾಗರ ಬಿರುಕು ಇದು. ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಸೋಮಾರಿ ಅನ್ನಬೇಡಿ. 1999ರಲ್ಲಿ ಕೆಲವೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಅದುರಿ ತೋರಿಸಿತು! ಆಮೇಲೆ ವಿಜ್ಞಾನಿಗಳು ಹಿಮದಡಿ ಇಣುಕಿದಾಗ ನಾಲ್ಕು ಕಿ.ಮೀ. ಆಳದ ನೀರಿನಲ್ಲಿ ಸ್ಫೋಟದ ಬೂದಿ ಸಿಕ್ಕಿತು. ಅಷ್ಟು ನೀರಿನ ಒತ್ತಡದಲ್ಲಿ ಸ್ಫೋಟವೇ ಆಗದು ಎಂದು ಅನೇಕರು ನಂಬಿದ್ದರು!

ಭೂಮಿಯ ಅತಿ ಸಣ್ಣ ನಡುಕವನ್ನೂ ಆಲಿಸಬೇಕೇ? ದಕ್ಷಿಣ ಧ್ರುವಕ್ಕೇ ಹೋಗಬೇಕು. ಅಲ್ಲಿ ಹಿಮದಲ್ಲಿ ಮುನ್ನೂರು ಮೀಟರ್‌ ಆಳ ಕೊರೆದು ಕಂಪಮಾಪಕ ಇಳಿಸಿದ್ದಾರೆ. ಜಗತ್ತಿನ ಅತಿ ನಿಶ್ಶಬ್ದ ತಾಣಗಳಲ್ಲಿ ಅದೂ ಒಂದು. ನಮ್ಮವರೂ ಹಿಂದೆ ಬಿದ್ದಿಲ್ಲ. ಅಂಟಾರ್ಕ್ಟಿಕಾದ ಇನ್ನೊಂದು ಭಾರತೀಯ ಕೇಂದ್ರ ‘ಮೈತ್ರಿ’ಯಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಕಂಪವನ್ನೂ ನೆಲದ ಸರಿದಾಟವನ್ನೂ ಅಳೆಯುತ್ತದೆ.

2023ರ ಸೆಪ್ಟೆಂಬರ್ 16ರಂದು ಜಗತ್ತಿನ ಕಂಪಮಾಪಕಗಳೆಲ್ಲ ವಿಚಿತ್ರ ಗೆರೆ ಬರೆಯತೊಡಗಿದವು. ಸುಮಾರು 90 ಸೆಕೆಂಡಿಗೊಂದು ಅಲೆ. ಇದೇನೆಂದು ಪರಿಣತರೇ ತಲೆ ಕೆರೆದುಕೊಂಡರು. ಆಮೇಲೆ ಗೊತ್ತಾಯಿತು. ಗ್ರೀನ್‌ಲ್ಯಾಂಡಿನ ಡಿಕ್ಸನ್ ಎಂಬ ಇಕ್ಕಟ್ಟಾದ ಕಡಲ ಕಣಿವೆಗೆ ಬೆಟ್ಟದ ತಲೆಯೇ ಕುಸಿದಿತ್ತು. 200 ಮೀಟರ್ ಎತ್ತರದ ಅಲೆ ಎದ್ದಿತ್ತು. ನೀರು ಹೊರಹೋಗಲು ಜಾಗವಿಲ್ಲದೆ ಆಚೆ ದಡಕ್ಕೂ ಈಚೆ ದಡಕ್ಕೂ ತೂಗಾಡುತ್ತಲೇ ಇತ್ತು. ಎಷ್ಟು ಹೊತ್ತು? ಒಂಬತ್ತು ದಿನ! ಆ ಒಂಬತ್ತೂ ದಿನ ಇಡೀ ಭೂಮಿ ಕೂದಲೆಳೆಗಿಂತ ಕಡಿಮೆ ಅಲುಗಿತು. ನೀವು ನಿಂತ ನೆಲವೂ ಸೇರಿ!