ಜಪಾನಿನ ಹೆದ್ದಾರಿಯಲ್ಲಿ ಬಾಡಿಗೆ ಕಾರು: ಟೋಲ್ ಪಾಸ್ ಯಾರಿಗೆ ಲಾಭ?

ಜಪಾನಿಗೆ ಹೊರಟವರಿಗೆ ಎಲ್ಲರೂ ಹೇಳುವುದು ರೈಲಿನ ವಿಷಯ. ಟೋಕಿಯೊ, ಕ್ಯೋಟೊ, ಒಸಾಕಾ ನೋಡಿ ಬರುವುದಾದರೆ ಆ ಮಾತು ಸರಿಯೇ. ಆದರೆ ವಯಸ್ಸಾದ ಅಪ್ಪ ಅಮ್ಮ, ಮಕ್ಕಳು, ದೊಡ್ಡ ದೊಡ್ಡ ಸೂಟ್‌ಕೇಸು ಜೊತೆಗಿದ್ದು, ಕ್ಯೂಶುವಿನ ಅಸೋ ಜ್ವಾಲಾಮುಖಿಯನ್ನೋ ಹೊಕ್ಕೈಡೊದ ಫುರಾನೊ ಹೂವಿನ ಬಯಲನ್ನೋ ನೋಡಬೇಕೆಂದಿದ್ದರೆ ಬಾಡಿಗೆ ಕಾರಿನಷ್ಟು ಅನುಕೂಲ ಬೇರೆಯಿಲ್ಲ. ಅಲ್ಲೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಗಾಡಿ ಓಡಿಸುವುದು, ಸ್ಟೀರಿಂಗ್ ಬಲಕ್ಕಿರುವುದು. 2023ರ ಅಕ್ಟೋಬರ್‌ನಲ್ಲಿ 7 ದಿನದ ಜೆಆರ್ ರೈಲು ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿದ ಮೇಲಂತೂ ಕಾರಿನ ಲೆಕ್ಕ ಹಾಕುವ ಕುಟುಂಬಗಳು ಹೆಚ್ಚಾಗಿವೆ. ರೈಲು ಪಾಸು ತಲೆಗೊಂದು ಬೇಕು. ಹೆದ್ದಾರಿಯ ಪಾಸು ಕಾರಿಗೊಂದು ಸಾಕು.

ಮೊದಲು ಟೋಲ್ ಎಷ್ಟಾಗುತ್ತದೆಂದು ತಿಳಿಯಬೇಕು. ಜಪಾನಿನ ಎಕ್ಸ್‌ಪ್ರೆಸ್‌ವೇಗಳಲ್ಲಿ ಹೆಚ್ಚಿನ ಕಡೆ ಓಡಿದ ದೂರಕ್ಕೆ ತಕ್ಕ ಹಣ. ಸಾಮಾನ್ಯ ಕಾರಿಗೆ ಕಿಲೋಮೀಟರಿಗೆ 24.6 ಯೆನ್, ಪ್ರತಿ ಸಲ ಹತ್ತಿ ಇಳಿಯುವುದಕ್ಕೆ 150 ಯೆನ್, ಮೇಲೆ ಶೇ 10 ತೆರಿಗೆ. ಒಂದೇ ಓಟದಲ್ಲಿ 100 ಕಿ.ಮೀ. ದಾಟಿದ ನಂತರದ ಭಾಗಕ್ಕೆ ಶೇ 25, 200 ದಾಟಿದ ಭಾಗಕ್ಕೆ ಶೇ 30 ರಿಯಾಯಿತಿ ಉಂಟು. ಈ ಸೂತ್ರದಲ್ಲಿ 100 ಕಿ.ಮೀ. ಓಟಕ್ಕೆ ಸುಮಾರು 2,870 ಯೆನ್ ಆಗುತ್ತದೆ, 500 ಕಿ.ಮೀ.ಗೆ ಸುಮಾರು 10,580. ದೊಡ್ಡ ನಗರಗಳ ಸುತ್ತಮುತ್ತ ದರ ಇನ್ನೂ ಹೆಚ್ಚು. ‘ಕೇ’ ಎಂದು ಕರೆಯುವ ಪುಟ್ಟ ಕಾರುಗಳಿಗೆ ಸುಮಾರು ಶೇ 20 ಕಡಿಮೆ.

ಇಷ್ಟು ದುಬಾರಿ ರಸ್ತೆಯಲ್ಲಿ ವಿದೇಶಿ ಪ್ರವಾಸಿಗರು ಧಾರಾಳವಾಗಿ ತಿರುಗಲಿ ಎಂದು ತಂದದ್ದೇ ಜಪಾನ್ ಎಕ್ಸ್‌ಪ್ರೆಸ್‌ವೇ ಪಾಸ್. 2017ರಲ್ಲಿ ಶುರುವಾದಾಗ 7 ದಿನಕ್ಕೆ 20,000 ಯೆನ್, 14 ದಿನಕ್ಕೆ 34,000 ಯೆನ್ ಇತ್ತು. ಬುಕ್ ಮಾಡುವ ದಿನದ ದರವನ್ನು ನೋಡಿಕೊಳ್ಳಿ, ಲೆಕ್ಕದ ಕ್ರಮ ಮಾತ್ರ ಇದೇ. ಅವಧಿಯೊಳಗೆ ಎಷ್ಟು ಸಲ ಬೇಕಾದರೂ ಹೆದ್ದಾರಿಗೆ ಹತ್ತಬಹುದು, ಇಳಿಯಬಹುದು. 20,000 ಯೆನ್ ಎಂದರೆ ಏಳು ದಿನವೂ ದಿನಕ್ಕೊಂದು 100 ಕಿ.ಮೀ. ಓಟಕ್ಕೆ ಸರಿಹೋಗುವ ಹಣ. ಅದಕ್ಕಿಂತ ಹೆಚ್ಚು ಓಡಿದ್ದೆಲ್ಲ ಲಾಭ. ಟೋಕಿಯೊದಲ್ಲಿ ಮೂರು ದಿನ ಕಾರು ನಿಲ್ಲಿಸಿಟ್ಟು ಉಳಿದ ದಿನಗಳಲ್ಲಿ ಹತ್ತಿರದ ಒಂದೆರಡು ಊರು ನೋಡುವವರಿಗೆ ಪಾಸು ಬರೀ ನಷ್ಟ. ಅಂಥವರು ಬಾಡಿಗೆ ಅಂಗಡಿಯಲ್ಲಿ ಸಾದಾ ಟೋಲ್ ಕಾರ್ಡ್ ಪಡೆದು, ಓಡಿದಷ್ಟಕ್ಕೆ ಹಣ ಕೊಡುವುದೇ ಲೇಸು. ನಗರದಿಂದಾಚೆಯ ಮಾರ್ಗಗಳಲ್ಲಿ ಶನಿವಾರ, ಭಾನುವಾರ ಆ ಕಾರ್ಡಿಗೆ ಶೇ 30 ರಿಯಾಯಿತಿಯೂ ಸಿಗುತ್ತದೆ.

ದಿನದ ಎಣಿಕೆಯಲ್ಲಿ ಹಲವರು ಎಡವುತ್ತಾರೆ. ಪಾಸಿನ ದಿನಗಳು ಬಿಡುವಿಲ್ಲದೆ ಒಂದರ ಹಿಂದೆ ಒಂದು ಸಾಗುತ್ತವೆ, ಎಣಿಕೆ ಕ್ಯಾಲೆಂಡರಿನ ತಾರೀಖಿನಂತೆ. ಸಂಜೆ ಆರಕ್ಕೆ ಕಾರು ಪಡೆದು ಹೋಟೆಲಿಗೆ ಹೋಗಿ ಮಲಗಿದರೂ ಆ ದಿನ ಮುಗಿಯಿತು. ಹಾಗಾಗಿ ಕಾರನ್ನು ಬೆಳಿಗ್ಗೆಯೇ ತೆಗೆದುಕೊಳ್ಳಿ. ಇನ್ನೊಂದು ಮಾತು: ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ಓಬೋನ್ ಹಬ್ಬ, ಹೊಸ ವರ್ಷದ ರಜೆ ಈ ಮೂರು ಜನಜಂಗುಳಿಯ ಕಾಲಗಳಲ್ಲಿ ದೇಶವ್ಯಾಪಿ ಪಾಸಿಗೆ ನಿರ್ಬಂಧ ಇರುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆಯ ನಡುವೆಯೇ ಗೋಲ್ಡನ್ ವೀಕ್ ಬಂದುಬಿಡುತ್ತದೆ. ಟಿಕೆಟ್ ಮಾಡಿಸುವ ಮೊದಲೇ ತಾರೀಖು ನೋಡಿ.

‘ದೇಶವ್ಯಾಪಿ’ ಎಂದರೂ ದೇಶದ ಎಲ್ಲ ರಸ್ತೆಯೂ ಇದರಲ್ಲಿ ಬರುವುದಿಲ್ಲ. ನಮ್ಮಲ್ಲಿ 2025ರ ಆಗಸ್ಟ್ 15ರಂದು 3,000 ರೂಪಾಯಿಯ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಾಗ, ರಾಜ್ಯ ಹೆದ್ದಾರಿಯ ಟೋಲ್‌ಗಳಲ್ಲಿ ಅದು ನಡೆಯುವುದಿಲ್ಲವೆಂದು ತಿಳಿದು ಎಷ್ಟೋ ಮಂದಿ ಬೇಸರಪಟ್ಟರು. ಜಪಾನಿನಲ್ಲೂ ಕಾರಣ ಅದೇ, ರಸ್ತೆ ಯಾರದ್ದು ಎಂಬುದು. 2005ರಲ್ಲಿ ಅಲ್ಲಿನ ಹೆದ್ದಾರಿ ನಿಗಮವನ್ನು ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ನೆಕ್ಸ್‌ಕೋ ಕಂಪನಿಗಳಾಗಿ ಒಡೆದರು. ಪಾಸು ಈ ಕಂಪನಿಗಳದ್ದು. ಟೋಕಿಯೊ ನಗರದೊಳಗಿನ ಶುತೋ ಎಕ್ಸ್‌ಪ್ರೆಸ್‌ವೇ, ಒಸಾಕಾ–ಕೋಬೆ ಸುತ್ತಲಿನ ಹಾನ್‌ಶಿನ್ ಎಕ್ಸ್‌ಪ್ರೆಸ್‌ವೇ, ಹೊನ್ಶು ಮತ್ತು ಶಿಕೊಕು ದ್ವೀಪಗಳನ್ನು ಬೆಸೆಯುವ ಸೇತುವೆಗಳು ಬೇರೆ ಕಂಪನಿಗಳ ಕೈಯಲ್ಲಿವೆ. 1998ರಲ್ಲಿ ತೆರೆದ, 3,911 ಮೀಟರ್ ಉದ್ದದ ಅಕಾಶಿ ತೂಗುಸೇತುವೆ ದಾಟಬೇಕೆಂಬ ಆಸೆ ಇದ್ದವರು ಆ ಟೋಲನ್ನು ಬೇರೆಯಾಗಿ ಎತ್ತಿಡಬೇಕು. ಅಲ್ಲಿ ಕಾರು ನಿಲ್ಲಿಸಿ ಹಣ ಎಣಿಸಬೇಕಾಗಿಲ್ಲ. ಪಾಸಿನ ಕಾರ್ಡೇ ಅಲ್ಲೂ ಗೇಟು ತೆರೆಯುತ್ತದೆ, ಬಾಕಿಯನ್ನು ಕಾರು ಹಿಂತಿರುಗಿಸುವಾಗ ಅಂಗಡಿಯಲ್ಲಿ ಕೇಳುತ್ತಾರೆ. ಪಾಸು ಕೊಂಡಾಯಿತಲ್ಲ ಎಂದು ನಿಶ್ಚಿಂತೆಯಿಂದ ಇದ್ದವರಿಗೆ ಆ ಕೊನೆಯ ಬಿಲ್ಲು ಕಹಿಯಾಗುತ್ತದೆ.

ಒಂದೇ ಪ್ರಾಂತ್ಯ ಸುತ್ತುವವರಿಗೆ ಪ್ರಾದೇಶಿಕ ಪಾಸುಗಳಿವೆ: ಹೊಕ್ಕೈಡೊ, ತೊಹೊಕು, ಕ್ಯೂಶು ಹೀಗೆ. ಇವು ಅಗ್ಗ, ದಿನಗಳ ಆಯ್ಕೆಯೂ ಹೆಚ್ಚು. ಮೊದಲ ಸಲ ಹೋಗುವ ಕುಟುಂಬಕ್ಕೆ ನಾನು ಕ್ಯೂಶುವನ್ನೇ ಹೇಳುತ್ತೇನೆ. ಟೋಕಿಯೊ, ಒಸಾಕಾಗಳನ್ನು ರೈಲಿನಲ್ಲಿ ಮುಗಿಸಿ, ಫುಕುವೊಕದ ಹಕಾತಾ ನಿಲ್ದಾಣದಲ್ಲಿ ಇಳಿದು ಅಲ್ಲಿ ಕಾರು ಹಿಡಿಯಿರಿ. ಬೆಪ್ಪುವಿನ ಬಿಸಿನೀರಿನ ಬುಗ್ಗೆ, ಅಸೋ, ಕುಮಾಮೊಟೊ ಕೋಟೆ, ಕಾಗೊಶಿಮಾದ ಹೊಗೆಯುಗುಳುವ ಸಕುರಾಜಿಮಾ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಫುಕುವೊಕ ನಗರದೊಳಗಿನ ಎತ್ತರಿಸಿದ ರಸ್ತೆ ಮಾತ್ರ ಕ್ಯೂಶು ಪಾಸಿನ ಹೊರಗೆ.

ಪಾಸು ಕೈಗೆ ಸಿಗುವ ಬಗೆಯೂ ಅಲ್ಲಿ ಬೇರೆ. ನಮ್ಮ ಫಾಸ್ಟ್ಯಾಗ್ ಗಾಜಿಗೆ ಅಂಟಿರುತ್ತದೆ. ಕಾರು ಯಾರದೋ ಟ್ಯಾಗ್ ಅವರದು. ಜಪಾನಿನ ಇಟಿಸಿ ಎಂಬ ಟೋಲ್ ವ್ಯವಸ್ಥೆಯಲ್ಲಿ ಯಂತ್ರ ಕಾರಿನದ್ದು, ಹಣ ಕಟ್ಟುವ ಕಾರ್ಡು ಬೇರೆ. ಯಂತ್ರಕ್ಕೆ ಕಾರ್ಡು ತೂರಿಸಿದರಷ್ಟೇ ಗೇಟು ತೆರೆಯುತ್ತದೆ. ಪ್ರವಾಸಿಯ ಪಾಸು ಸಾಧ್ಯವಾದದ್ದು ಈ ಬೇರ್ಪಡಿಕೆಯಿಂದಲೇ: ಅಂಗಡಿಯವರು ನಿಮಗೆ ಪಾಸಿನ ಕಾರ್ಡು ಕೊಟ್ಟು, ಕೊನೆಗೆ ವಾಪಸು ಪಡೆಯುತ್ತಾರೆ. ಕಾರ್ಡುಗಳ ಸಂಖ್ಯೆ ಮಿತವಾಗಿರುವುದರಿಂದ, ಎಲ್ಲ ಅಂಗಡಿಗಳಲ್ಲೂ ಈ ಸೌಲಭ್ಯ ಇಲ್ಲದಿರುವುದರಿಂದ, ಕಾರು ಕಾಯ್ದಿರಿಸುವಾಗಲೇ ಪಾಸನ್ನೂ ಕೇಳಿ. ವಿದೇಶಿ ಪಾಸ್‌ಪೋರ್ಟ್ ತೋರಿಸಬೇಕು. ಅಲ್ಲಿ ನೆಲೆಸಿರುವ ಗೆಳೆಯರ ಸ್ವಂತ ಕಾರಿಗೆ ಇದು ಸಿಗದು, ಬಾಡಿಗೆ ಬೈಕಿಗೂ ಇಲ್ಲ.

ಇನ್ನು ಲೈಸೆನ್ಸ್. ಜಪಾನ್ ಒಪ್ಪುವುದು 1949ರ ಜಿನೀವಾ ಒಪ್ಪಂದದ ಅಂತರರಾಷ್ಟ್ರೀಯ ಪರ್ಮಿಟ್ ಮಾತ್ರ. ಭಾರತದ ಪರ್ಮಿಟ್ ಅದೇ ಒಪ್ಪಂದದ್ದು. ನಿಮ್ಮ ಆರ್‌ಟಿಒದಲ್ಲಿ ಅರ್ಜಿ ಹಾಕಿ ಪಡೆಯಬೇಕು, ಒಂದು ವರ್ಷ ನಡೆಯುತ್ತದೆ. ಊರಿನ ಡಿಎಲ್ ಮತ್ತು ಪಾಸ್‌ಪೋರ್ಟ್ ಜೊತೆಗಿರಲೇಬೇಕು. ಜರ್ಮನಿಯಲ್ಲಿ ನೆಲೆಸಿ ಅಲ್ಲಿನ ಲೈಸೆನ್ಸ್ ಪಡೆದ ಕನ್ನಡಿಗರಿಗೆ ದಾರಿ ಬೇರೆ: ಅಲ್ಲಿಯ ಪರ್ಮಿಟ್ 1968ರ ಒಪ್ಪಂದದ್ದಾದ್ದರಿಂದ ಜಪಾನಿನಲ್ಲಿ ನಡೆಯದು, ಲೈಸೆನ್ಸಿನ ಅಧಿಕೃತ ಜಪಾನಿ ಅನುವಾದ ಮಾಡಿಸಿಕೊಳ್ಳಬೇಕು.

ಗೇಟಿನ ಹತ್ತಿರ ನೇರಳೆ ಬಣ್ಣದ ಫಲಕವಿರುವ ಸಾಲೇ ಇಟಿಸಿ ಸಾಲು. ಹಸಿರು ಫಲಕದ ಸಾಲಿಗೆ ಹೋಗಿ ಚೀಟಿ ಪಡೆಯಬೇಡಿ. ಹತ್ತುವಾಗಲೂ ಇಳಿಯುವಾಗಲೂ ಇಟಿಸಿಯಲ್ಲೇ ಹಾದರೆ ಪಾಸಿನ ಲೆಕ್ಕ ಸರಿಹೋಗುತ್ತದೆ. ವೇಗ 20 ಕಿ.ಮೀ.ಗೆ ಇಳಿದಿರಬೇಕು. ‘ಸ್ಮಾರ್ಟ್’ ಎಂಬ ಹೆಸರಿನ ಚಿಕ್ಕ ಗೇಟುಗಳಲ್ಲಿ ಪೂರ್ತಿ ನಿಲ್ಲಿಸಿಯೇ ಹೊರಡಬೇಕು. ತಡೆಗೋಲು ಮೇಲೇಳದಿದ್ದರೆ ಗಾಬರಿಯಾಗಿ ರಿವರ್ಸ್ ಹಾಕಬೇಡಿ, ಹಿಂದಿನ ಕಾರು ಅಲ್ಲೇ ಬಂದಿರುತ್ತದೆ. ಕಾರಿನಿಂದ ಇಳಿದು ನಡೆಯಲೂ ಬೇಡಿ. ಹಜಾರ್ಡ್ ದೀಪ ಹಾಕಿ, ಪಕ್ಕದ ಕಂಬದ ಕರೆಗುಂಡಿ ಒತ್ತಿ ಸಿಬ್ಬಂದಿಗಾಗಿ ಕಾಯಿರಿ. ಸಾಮಾನ್ಯವಾಗಿ ಆಗಿರುವುದಿಷ್ಟೇ: ಕಾರ್ಡನ್ನು ಯಂತ್ರಕ್ಕೆ ಹಾಕಲು ಮರೆತಿರುತ್ತೀರಿ, ಇಲ್ಲವೇ ಅದು ಪೂರ್ತಿ ಒಳಗೆ ಹೋಗಿರುವುದಿಲ್ಲ.