ದರಿಯಾ ದೌಲತ್ ಗೋಡೆಯ ಸೈನಿಕರು: ಅವರ ಉಡುಪನ್ನು ಎಷ್ಟು ನಂಬಬಹುದು?

ಶ್ರೀರಂಗಪಟ್ಟಣ: ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಮುಂದೆ ನಿಂತವರೆಲ್ಲ ಕೇಳೋ ಪ್ರಶ್ನೆ ಒಂದೇ, 'ಆಗಿನ ಸೈನಿಕರು ನಿಜವಾಗ್ಲೂ ಹೀಗೇ ಬಟ್ಟೆ ಹಾಕ್ತಿದ್ರಾ?' ನಾಟಕ, ಸ್ತಬ್ಧಚಿತ್ರಕ್ಕೆ ಉಡುಪು ಹೊಲಿಸುವವರು ಇದೇ ಚಿತ್ರ ನೋಡ್ತಾರೆ. ಹಾಗಾಗಿ ಉತ್ತರ ತಿಳಿದಿರಬೇಕು.

ಗೋಡೆಯಲ್ಲಿರುವುದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರಂ ಹತ್ತಿರದ ಪೊಳ್ಳಿಲೂರಿನಲ್ಲಿ ನಡೆದ ಯುದ್ಧ. ಹೈದರ್, ಟಿಪ್ಪು ಸೇನೆ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿತು. ಪಲ್ಲಕ್ಕಿಯಲ್ಲಿ ಕುಳಿತಿರುವ ಬೈಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಸುತ್ತ ಕೆಂಪು ಕೋಟಿನ ಸಿಪಾಯಿಗಳು ಚಿತ್ರದಲ್ಲಿದ್ದಾರೆ.

ಎಲ್ಲಿ ನಂಬಬಹುದು

ಕಂಪನಿ ಪಡೆಯ ಕೆಂಪು ಕೋಟು ನಿಜ. ಬರಹದ ದಾಖಲೆಗಳೂ ಬೇರೆ ಚಿತ್ರಗಳೂ ಅದನ್ನೇ ಹೇಳುತ್ತವೆ. ಟಿಪ್ಪು ಸೇನೆಗೆ ಹುಲಿಪಟ್ಟೆಯ ಅಂಗಿ ಇತ್ತು ಎನ್ನುವುದಕ್ಕೂ ಬೇರೆ ಆಧಾರವಿದೆ: ಅವನ ಕಾಲದ ಆಯುಧಗಳ ಮೇಲೆ ಅದೇ ಪಟ್ಟೆ ಇಂದಿಗೂ ಕಾಣುತ್ತದೆ. ಕಾರ್ನ್‌ವಾಲಿಸ್ ಸೇನೆ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಮೈಸೂರು ಸೈನಿಕರನ್ನು ಚಿತ್ರಿಸಿದ್ದಾನೆ.

ಎಲ್ಲಿ ಎಚ್ಚರ ಬೇಕು

ಅರಮನೆ ಕಟ್ಟಿದ್ದು 1784ರಲ್ಲಿ, ಯುದ್ಧವಾಗಿ ನಾಲ್ಕು ವರ್ಷದ ಮೇಲೆ. ಗೆದ್ದವರ ಮನೆಯ ಗೋಡೆ ಅದು, ಗೆಲುವನ್ನು ಹೊಗಳಲು ಬರೆಸಿದ್ದು. ಸಾಲುಸಾಲು ಸೈನಿಕರಿಗೆ ಒಂದೇ ಮುಖ, ಒಂದೇ ಕೋಟು. ಇದು ಚಿತ್ರಕಾರನ ರೂಢಿ. ರಣರಂಗದಲ್ಲಿ ಎಲ್ಲರೂ ಅಷ್ಟು ಅಚ್ಚುಕಟ್ಟಾಗಿ ಇರ್ತಿರಲಿಲ್ಲ.

ಇನ್ನೊಂದು ಮುಖ್ಯ ಸಂಗತಿ: ಈಗ ಕಾಣುವ ಬಣ್ಣ ಪೂರ್ತಿ ಟಿಪ್ಪು ಕಾಲದ್ದಲ್ಲ. 1799ರ ನಂತರ ಚಿತ್ರ ಕೆಟ್ಟು, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ ಮತ್ತೆ ಬರೆಸಲಾಯಿತು. ಅಂಚಿನ ಗುಂಡಿ, ಪಟ್ಟಿಯ ಬಣ್ಣದಂಥ ಸಣ್ಣ ವಿವರಗಳನ್ನು ಈ ಗೋಡೆಯೊಂದರಿಂದಲೇ ತೀರ್ಮಾನಿಸಬಾರದು. ಇದೇ ಯುದ್ಧದ ಹಳೆಯ ಕಾಗದದ ಚಿತ್ರವೂ ಇದೆ. ಸುಮಾರು 32 ಅಡಿ ಉದ್ದದ ಅದು 2022ರಲ್ಲಿ ಲಂಡನ್‌ನಲ್ಲಿ 6.3 ಲಕ್ಷ ಪೌಂಡ್‌ಗೆ ಹರಾಜಾಯಿತು. ಗೋಡೆಯನ್ನು ಅದರ ಜೊತೆ ಹೋಲಿಸಿದರೆ ಸಂಶಯ ಕಮ್ಮಿಯಾಗುತ್ತದೆ.

ಸುಲಭ ಸೂತ್ರ

ಚಿತ್ರ, ಉಳಿದ ವಸ್ತು, ಬರಹ ಈ ಮೂರೂ ಒಂದೇ ಮಾತು ಹೇಳಿದರೆ ನಂಬಿ. ಚಿತ್ರವೊಂದೇ ಹೇಳಿದರೆ 'ಇರಬಹುದು' ಅನ್ನಿ. ಬೈಲಿಯ ಸ್ಮಾರಕ ಗುಂಬಜ್ ಪಕ್ಕದಲ್ಲೇ ಇದೆ. ಮುಂದಿನ ಸಲ ಎರಡನ್ನೂ ಒಂದೇ ದಿನ ನೋಡಿ ಬನ್ನಿ.